ಗೆಳೆಯ ಕೊಟ್ಟ ಬಂಗಾರದ ಕರಡಿಗೆ



ಕಳೆದ ಶ್ರಾವಣ ಮಾಸದಲ್ಲಿ ನವಲಗುಂದ ಕಡೆಯ ಹಿರಿಯ ಭಕ್ತರೊಬ್ಬರು ಪತ್ನಿಯೊಡನೆ ಮಠಕ್ಕೆ ಬಂದಿದ್ದರು. ಪಾದಪೂಜೆ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದರೂ ಅವರು ಏಳಲಿಲ್ಲ. ಕೊರಳಲ್ಲಿದ್ದ ಬಂಗಾರದ ಕರಡಿಗೆಯನ್ನು ಕೈಯಲ್ಲಿ ಹಿಡಿದು, ‘ಅಜ್ಜಾರ, ಇದನ್ನ ಮಾರಲ್ಯೋ, ಇಟ್ಕೊಳ್ಳಲ್ಯೋ? ನೀವು ಹೇಳಿಧಂಗ ಮಾಡತೀನ್ರಿ’ ಎಂದರು.

ಅದರ ಹಿಂದೆ ಒಂದು ಕಥೆಯಿದೆ. ಹುಬ್ಬಳ್ಳಿಯಲ್ಲಿ ಹತ್ತಿಯ ಅಡತಿ ಅಂಗಡಿ ನಡೆಸುತ್ತಿದ್ದ ಅವರ ಬಾಲ್ಯದ ಗೆಳೆಯರು ಒಂದು ವರ್ಷ ವ್ಯಾಪಾರದಲ್ಲಿ ಪೂರ್ತಿ ಕುಸಿದಿದ್ದರು. ಆಗ ಈ ರೈತರು ತಮ್ಮ ಹೊಲದ ಮೇಲೆ ಜಾಮೀನು ನಿಂತು ಅಂಗಡಿಯ ಬಾಗಿಲು ಮುಚ್ಚದಂತೆ ಕಾಯ್ದರು. ಗೆಳೆಯರು ಚೇತರಿಸಿಕೊಂಡ ಮೇಲೆ, 1986ರಲ್ಲಿ, ಐದು ತೊಲೆಯ ಕರಡಿಗೆ ಮಾಡಿಸಿ ತಂದು ಇವರ ಕೊರಳಿಗೆ ಹಾಕಿದರು. ಅಂದು ಹತ್ತು ಗ್ರಾಂ ಬಂಗಾರಕ್ಕೆ ಎರಡು ಸಾವಿರ ರೂಪಾಯಿಗಳ ಆಸುಪಾಸು ಧಾರಣೆಯಿತ್ತು. 2025ರಲ್ಲಿ ಅದು ಲಕ್ಷವನ್ನು ದಾಟಿತು. ಐದು ತೊಲೆಯೆಂದರೆ ಐವತ್ತೆಂಟು ಗ್ರಾಂ. ಲೆಕ್ಕವನ್ನು ತಾವೇ ಹಾಕಿರಿ.

ಕೊಟ್ಟ ಗೆಳೆಯರು ಲಿಂಗೈಕ್ಯರಾಗಿ ನಾಲ್ಕು ವರ್ಷಗಳಾದವು. 2023ರ ಬರಗಾಲ ಈ ಭಕ್ತರ ಕೈಯಲ್ಲಿದ್ದುದನ್ನೆಲ್ಲ ತಿಂದುಹಾಕಿತು. ಮೊಮ್ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ನಾಲ್ಕು ವರ್ಷ ಫೀ ಕಟ್ಟಬೇಕು. ಮಗನಿಗಾದರೋ ಟ್ರ್ಯಾಕ್ಟರ್ ಬೇಕು. ಇಬ್ಬರ ಕಣ್ಣೂ ಮುದುಕರ ಕೊರಳ ಮೇಲೆಯೇ ನೆಟ್ಟಿತ್ತು.

ನಾವು ಉತ್ತರ ಹೇಳುವ ಮೊದಲೇ ಅವರು ಮತ್ತೊಂದು ಮಾತನ್ನಾಡಿದರು: ‘ಮಾರಿದ್ರ ಗೆಳೆಯಾಗ ದ್ರೋಹ ಆಗತೈತಿ, ಇಟ್ಕೊಂಡ್ರ ಮನ್ಯಾಗ ಜಗಳ. ಮಠಕ್ಕ ಅರ್ಪಿಸಿಬಿಡತೀನ್ರಿ, ತಗೊಂಬಿಡ್ರಿ.’ ನಾವು ಬೇಡವೆಂದೆವು. ಸಂದಿಗ್ಧದಿಂದ ಪಾರಾಗಲು ಕೊಡುವುದು ದಾಸೋಹವಲ್ಲ, ಭಾರ ಇಳಿಸುವುದು. ಮೊಮ್ಮಗಳ ಫೀಯನ್ನು ಮಠದ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಯಾವ ಗುರುವಿಗೆ ತೃಪ್ತಿಯಾದೀತು? ಆ ಕಪಾಟಿನಲ್ಲಿ ಈಗಾಗಲೇ ಎಷ್ಟು ಬೆಳ್ಳಿ ತಟ್ಟೆ, ಬಟ್ಟಲುಗಳು ಕಪ್ಪಾಗಿ ಬಿದ್ದಿವೆಯೆಂಬುದು ನಮಗೇ ಗೊತ್ತು. ಈ ಪ್ರಶ್ನೆ ಬಂದ ಮೇಲೆ ಅವನ್ನೂ ತೆಗೆಸಿ ನೋಡಿದೆವು. ಅದು ಬೇರೆ ವಿಚಾರ.

ಇಲ್ಲಿ ಮೊದಲು ತಿಳಿಯಬೇಕಾದ ತತ್ತ್ವವೊಂದಿದೆ. ಶ್ರೀಗುರು ಕರಸ್ಥಲಕ್ಕೆ ಅನುಗ್ರಹಿಸಿದ ಇಷ್ಟಲಿಂಗಕ್ಕೆ ಬೆಲೆಯಿಲ್ಲ. ಅದನ್ನು ಮಾರುವ, ಕೊಳ್ಳುವ ಮಾತೇ ಏಳುವುದಿಲ್ಲ. ಕರಡಿಗೆಯಾದರೋ ಲಿಂಗವಿರುವ ಮನೆ. ಬೆಳ್ಳಿಯದಿರಲಿ, ಬಂಗಾರದ್ದಿರಲಿ, ಕಟ್ಟಿಗೆಯದೇ ಇರಲಿ, ಅಷ್ಟಾವರಣದಲ್ಲಿ ಅದಕ್ಕೆ ಸ್ಥಾನವಿಲ್ಲ. ಶುಭ್ರವಾದ ಪಾವುಡದಲ್ಲಿ ಲಿಂಗವನ್ನು ಕಟ್ಟಿ ಧರಿಸಿದರೆ ಆಚಾರಕ್ಕೆ ಎಳ್ಳಷ್ಟೂ ಲೋಪವಿಲ್ಲ. ಆದ್ದರಿಂದ ಆ ಹಿರಿಯರ ಅಳುಕಿಗೆ ಧರ್ಮ ಕಾರಣವಲ್ಲ, ಸ್ನೇಹ ಕಾರಣ. ಹಾಗೆಂದು ಅದು ಸಣ್ಣ ಅಳುಕಲ್ಲ.

ನಮ್ಮ ಸೀಮೆಯಲ್ಲಿ ಮದುವೆಯ ಆಯೇರಿಗೆ, ಮುಯ್ಯಿಗೆ ವಹಿಯಲ್ಲಿ ಲೆಕ್ಕ ಬರೆದಿಡುತ್ತಾರೆ. ಇಂದು ಬಂದುದು ನಾಳೆ ತಿರುಗಿ ಹೋಗಲೇಬೇಕು. ಗೆಳೆಯನ ಕಾಣಿಕೆಗೆ ಅಂಥ ವಹಿಯಿಲ್ಲ. ಲೆಕ್ಕವಿಲ್ಲದ ಕಾರಣಕ್ಕೇ ಅದರ ಋಣ ತೀರಿತೋ ಇಲ್ಲವೋ ತಿಳಿಯದೆ ಮನಸ್ಸು ತೊಳಲುತ್ತದೆ.

ಕೊಡುವವರು ತಮ್ಮ ಇಚ್ಛೆಯನ್ನು ಬರೆದಿಟ್ಟಿದ್ದರೆ ದಾರಿ ಸುಲಭ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿ ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಮೃತ್ಯುಪತ್ರದಲ್ಲೇ ಹೇಳಿ ಹೋದರು. ನಮ್ಮ ಭಕ್ತರ ಗೆಳೆಯರು ಏನನ್ನೂ ಹೇಳಿರಲಿಲ್ಲ; ಹಾಕಿಕೋ ಎಂದರು, ಇವರು ಹಾಕಿಕೊಂಡರು.

ಮಹಾತ್ಮಾ ಗಾಂಧೀಜಿಯವರಿಗೂ ಇದೇ ತೊಳಲಾಟ ಬಂದಿತ್ತು. 1901ರಲ್ಲಿ ಅವರು ದಕ್ಷಿಣ ಆಫ್ರಿಕಾದಿಂದ ಸ್ವದೇಶಕ್ಕೆ ಹೊರಟಾಗ ಅಲ್ಲಿಯ ಸ್ನೇಹಿತರು ಬಂಗಾರ, ಬೆಳ್ಳಿ, ವಜ್ರದ ಒಡವೆಗಳನ್ನು ಕೊಟ್ಟರು. ಕಸ್ತೂರಬಾ ಅವರಿಗೆಂದೇ ಐವತ್ತು ಗಿನಿ ಬೆಲೆಯ ಕಂಠಹಾರವೂ ಅದರಲ್ಲಿತ್ತು. ಗಾಂಧೀಜಿಯವರಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಎಲ್ಲವನ್ನೂ ಅಲ್ಲಿಯ ಸಮಾಜದ ಸೇವೆಗೆಂದು ಟ್ರಸ್ಟಿಗೆ ಒಪ್ಪಿಸಲು ನಿಶ್ಚಯಿಸಿ, ಮಕ್ಕಳನ್ನು ಮೊದಲು ಒಪ್ಪಿಸಿಕೊಂಡು ಆಮೇಲೆ ಪತ್ನಿಗೆ ತಿಳಿಸಿದರು. ಬಾ ಅವರು ಕಣ್ಣೀರಿಟ್ಟರು, ನಾಳೆ ಬರುವ ಸೊಸೆಯರಿಗೆ ಏನಿಡಲಿ ಎಂದು ವಾದಿಸಿದರು. ಕೊನೆಗೆ ಒಡವೆಗಳು ಟ್ರಸ್ಟಿಗೇ ಹೋದವು. ಗಾಂಧೀಜಿಯವರ ನಿರ್ಣಯ ದೊಡ್ಡದು, ನಿಜ. ಆದರೆ ಹಾರವನ್ನು ಕೊಟ್ಟದ್ದು ಬಾ ಅವರಿಗೆ. ಮಕ್ಕಳಿಗಿಂತ ಮೊದಲು ಅವರನ್ನು ಕೇಳಬೇಕಿತ್ತೆಂದು ನಮಗೆ ಇಂದಿಗೂ ಅನಿಸುತ್ತದೆ. ಆಯ್ದು ತಂದ ಅಕ್ಕಿ ಹೆಚ್ಚಾಯಿತೆಂದು ಮಾರಯ್ಯನನ್ನು ಮರಳಿ ಕಳಿಸಿದ ಲಕ್ಕಮ್ಮನ ಪರಂಪರೆ ನಮ್ಮದು. ಆ ದಿನ ನಾವು ಹಿರಿಯರ ಪತ್ನಿಯನ್ನು ಕೇಳಿದೆವು. ‘ಹುಡುಗಿ ಕಲೀಲಿ ಅಜ್ಜಾರ’ ಎಂದಷ್ಟೇ ಆ ತಾಯಿ ಹೇಳಿದರು.

ಇಟ್ಟುಕೊಳ್ಳುವುದೇ ಗೌರವವೆಂದು ಹಲವರು ತಿಳಿದಿದ್ದಾರೆ. ಹಿಂದೆ ನಮ್ಮ ಮನೆಗಳ ಜಗಲಿಯ ಮೇಲೆ ವಚನದ ತಾಡೋಲೆಗಳಿಗೆ ವಿಭೂತಿ ಹಚ್ಚಿ ಹೂವೇರಿಸುತ್ತಿದ್ದರು. ಬಿಚ್ಚಿ ಓದುವವರಿಲ್ಲದೆ ಎಷ್ಟೋ ಕಟ್ಟುಗಳು ಹುಳು ತಿಂದು ಹೋದವು. ಧಾರವಾಡದಲ್ಲಿ 1880ರಲ್ಲಿ ಜನಿಸಿ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. ಮುದ್ರಣಕ್ಕೆಂದು ಇದ್ದ ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮನೆ ಹೋಯಿತು, ವಚನ ಉಳಿಯಿತು. ತಾಡೋಲೆಗಳನ್ನೇ ಮಾರಿ ಮನೆ ಕಟ್ಟಿಸಿದ್ದರೆ ನಾವಿಂದು ಅವರ ಹೆಸರೆತ್ತುತ್ತಿದ್ದೆವೆ? ಮಾರಾಟವೊಂದೇ, ಯಾವುದನ್ನು ಯಾವುದಕ್ಕಾಗಿ ಎಂಬುದರಲ್ಲಿ ಭೂಮ್ಯಾಕಾಶದ ಅಂತರ.

ಟ್ರ್ಯಾಕ್ಟರಿಗೆ ನಮ್ಮ ವಿರೋಧವಿಲ್ಲ. ಅದಕ್ಕೆ ಬ್ಯಾಂಕಿನ ಸಾಲವುಂಟು, ಬಾಡಿಗೆಗೆ ಸಿಗುವ ಟ್ರ್ಯಾಕ್ಟರುಗಳುಂಟು, ಒಂದು ವರ್ಷ ತಡೆದರೂ ಹೊಲ ಓಡಿಹೋಗದು. ಕಾಲೇಜಿನ ಸೀಟು ತಡೆಯುವುದಿಲ್ಲ. ಒತ್ತೆಯಿಟ್ಟರಾಯಿತಲ್ಲ ಎಂದು ಕೇಳುವವರುಂಟು. ಬಿಡಿಸಿಕೊಳ್ಳುವ ಆದಾಯವಿದ್ದವರಿಗೆ ಅದು ಸರಿ. ಮಳೆಯನ್ನೇ ನಂಬಿದ ಒಕ್ಕಲಿಗನಿಗೆ ಬಡ್ಡಿ ಬೆಳೆದು ಕೊನೆಗೆ ಒಡವೆಯೂ ಹರಾಜಿಗೆ ಬರುತ್ತದೆ.

ಆದ್ದರಿಂದ ನಾವು ಹೇಳಿದ್ದಿಷ್ಟು. ಮಾರಿರಿ, ಆದರೆ ಕದ್ದು ಮಾರಬೇಡಿರಿ. ಗೆಳೆಯರ ಮನೆಗೆ ಹೋಗಿ ಅವರ ಪತ್ನಿಗೆ, ಮಕ್ಕಳಿಗೆ ಕಾರಣ ತಿಳಿಸಿರಿ. ತಾವೇ ಇಟ್ಟುಕೊಳ್ಳುತ್ತೇವೆಂದರೆ ಪೇಟೆಯ ಧಾರಣೆಗೆ ಅವರಿಗೇ ಕೊಡಿರಿ. ಹುಬ್ಬಳ್ಳಿಯಲ್ಲಿ ಎರಡು ಮೂರು ಸರಾಫರ ಅಂಗಡಿಗಳಲ್ಲಿ ತೂಕ, ಪರಿಶುದ್ಧತೆ ನೋಡಿಸಿರಿ. ಹಳೆಯ ಒಡವೆಗೆ ಮಜೂರಿ ತಿರುಗಿ ಬರುವುದಿಲ್ಲ, ಬೆಸುಗೆಯನ್ನೂ ಕಳೆಯುತ್ತಾರೆ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದಕ್ಕೆ 2017ರಿಂದ ಕಾಯ್ದೆಯ ತಡೆಯಿದೆ. ಪಾವತಿ ಪಡೆದು, ಹಣ ಬ್ಯಾಂಕಿನ ಖಾತೆಗೇ ಬರುವಂತೆ ನೋಡಿಕೊಳ್ಳಿರಿ.

ದೀಪಾವಳಿಯ ನಂತರ ದಂಪತಿಗಳು ಮತ್ತೆ ಬಂದಿದ್ದರು. ಹಿರಿಯರ ಕೊರಳಲ್ಲಿ ಬಿಳಿಯ ಪಾವುಡವಿತ್ತು. ಗೆಳೆಯರ ಪತ್ನಿ ಎಲ್ಲವನ್ನೂ ಕೇಳಿ, ‘ನಮ್ಮವರು ಕೊಟ್ಟಿದ್ದು ನಿಮಗ, ನನ್ನ ಕೇಳೂದೇನೈತ್ರಿ ಅಣ್ಣಾರ? ಕರಗಸೂಕಿಂತ ಮೊದಲ ಒಂದ್ಸಲ ನನ್ನ ಕೈಯಾಗ ಕೊಡ್ರಿ’ ಎಂದರಂತೆ. ಕೊಟ್ಟರು. ಆ ತಾಯಿ ಬಹಳ ಹೊತ್ತು ಹಿಡಿದುಕೊಂಡು ಕುಳಿತಿದ್ದು, ಸೆರಗಿನಿಂದ ಒರೆಸಿ ಮರಳಿಸಿದರಂತೆ. ಮೊಮ್ಮಗಳ ಮೊದಲ ವರ್ಷದ ಫೀ ಕಟ್ಟಿಯಾಗಿದೆ, ಉಳಿದದ್ದು ಅವಳ ಹೆಸರಿನಲ್ಲಿ ಠೇವಣಿಯಾಗಿದೆ. ಮಗ ಮಾತ್ರ ತಂದೆಯೊಡನೆ ಇನ್ನೂ ಮಾತುಬಿಟ್ಟಿದ್ದಾನೆ. ಬರುವ ಅಮಾವಾಸ್ಯೆಗೆ ಇಬ್ಬರನ್ನೂ ಮಠಕ್ಕೆ ಬರಹೇಳಿದ್ದೇವೆ.