ಒಂದೇ ಗೇರಿನ ಸೈಕಲ್ಲು ಮತ್ತು ಹಲ್ಲುಗಳ ಲೆಕ್ಕ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಸೈಕಲ್ ಕ್ಲಬ್ಬೊಂದರ ಕಾಲಸ್ಪರ್ಧೆಗಳಲ್ಲಿ ಭಾಗವಹಿಸುತ್ತಾನೆ. ಹತ್ತು ಮೈಲಿಯ ದೂರವನ್ನು ಇಪ್ಪತ್ತೈದು ನಿಮಿಷಗಳಲ್ಲಿ ಮುಗಿಸುವುದು ಅವನ ಸದ್ಯದ ಸಾಮರ್ಥ್ಯ. ನಲವತ್ತು ದಾಟಿದವನಿಗೆ ಇದು ಕಡಿಮೆಯೇನಲ್ಲ. ಈಗ ಅವನಿಗೆ ಸ್ಥಿರ ಗೇರಿನ ಸೈಕಲ್ಲೊಂದನ್ನು ಕಟ್ಟಿಕೊಳ್ಳುವ ಹಂಬಲ. “ಸರ್, ಮುಂದೆ 56 ಹಲ್ಲು, ಹಿಂದೆ 14 ಹಲ್ಲು ಹಾಕಿಸಬೇಕೆಂದಿದ್ದೇನೆ. ಚಾಂಪಿಯನ್ನರೆಲ್ಲ ಇನ್ನೂ ದೊಡ್ಡದನ್ನೇ ಬಳಸುತ್ತಾರೆ. ನಿಮ್ಮ ಅಭಿಪ್ರಾಯ ತಿಳಿಸಿ” ಎಂದು ಬರೆದಿದ್ದ. ಬೇಡವೆಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಸ್ಥಿರ ಗೇರೆಂದರೆ ಹಿಂದಿನ ಹಲ್ಲುಚಕ್ರವು ಚಕ್ರದ ಹಬ್ಬಿಗೆ ಬಿಗಿಯಾಗಿ ಕೂತಿರುವ ವ್ಯವಸ್ಥೆ. ನಮ್ಮ ಊರಿನ ಕಪ್ಪು ಸೈಕಲ್ಲಿನಲ್ಲಿದ್ದ ಫ್ರೀವೀಲು ಇದರಲ್ಲಿಲ್ಲ. ಚಕ್ರ ತಿರುಗುವಷ್ಟು ಕಾಲವೂ ಪೆಡಲು ತಿರುಗಲೇಬೇಕು. ಸವಾರನಿಗೆ ಕಾಲು ನಿಲ್ಲಿಸುವ ಸ್ವಾತಂತ್ರ್ಯವಿಲ್ಲ. ಬ್ರಿಟನ್ನಿನಲ್ಲಿ ಈ ಪದ್ಧತಿಗೆ ದೀರ್ಘ ಪರಂಪರೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾರ್ವಜನಿಕ ರಸ್ತೆಗಳಲ್ಲಿ ಗುಂಪು ಸ್ಪರ್ಧೆಗೆ ವಿರೋಧ ಬಂದಾಗ, ಎಫ್. ಟಿ. ಬಿಡ್‌ಲೇಕ್ ಎಂಬವರು 1895ರಲ್ಲಿ ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಟ್ಟು ಗಡಿಯಾರದೊಡನೆ ಸ್ಪರ್ಧಿಸುವಂತೆ ಮಾಡಿದರು. ನಸುಕಿನಲ್ಲಿ, ಕಪ್ಪು ಉಡುಪಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಡೆಯುತ್ತಿದ್ದ ಆ ಸ್ಪರ್ಧೆಗಳಲ್ಲಿ ಬಹುಕಾಲ ಒಂದೇ ಗೇರಿನ ಸೈಕಲ್ಲೇ ಸಾಮಾನ್ಯವಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. (ಗಣಿತ, ವಿಜ್ಞಾನ ಕಲಿಸಿದವನಿಗೆ ಈ ಚಟ ನಿವೃತ್ತಿಯ ನಂತರವೂ ಬಿಡದು.) 1956ರ ಆಗಸ್ಟಿನಲ್ಲಿ ರೇ ಬೂಟಿ ಎಂಬ ಸವಾರ ನೂರು ಮೈಲಿಯನ್ನು 3 ಗಂಟೆ 58 ನಿಮಿಷ 28 ಸೆಕೆಂಡುಗಳಲ್ಲಿ ಕ್ರಮಿಸಿ, ಸ್ಪರ್ಧೆಯಲ್ಲಿ ನಾಲ್ಕು ಗಂಟೆಯೊಳಗೆ ಅದನ್ನು ಮುಗಿಸಿದ ಮೊದಲಿಗನಾದ. ಅವನದು 84 ಇಂಚಿನ ಸ್ಥಿರ ಗೇರು. ಅಂದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 6.7 ಮೀಟರು ಸಾಗುತ್ತಿತ್ತು. ಭಾಗಿಸಿ ನೋಡಿದರೆ ಅವನ ಕಾಲುಗಳು ಇಪ್ಪತ್ತನಾಲ್ಕು ಸಾವಿರ ಸುತ್ತುಗಳನ್ನು, ನಿಮಿಷಕ್ಕೆ ನೂರರಂತೆ, ಸುತ್ತಿವೆ. ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರು ಸಾಗಿದ್ದು 52ಕ್ಕೆ 14 ಹಲ್ಲಿನ ಗೇರಿನಲ್ಲಿ. ನಿಮಿಷಕ್ಕೆ ಸುಮಾರು 104 ಸುತ್ತು. ಬ್ರಾಡ್ಲಿ ವಿಗ್ಗಿನ್ಸ್ 2015ರಲ್ಲಿ 58ಕ್ಕೆ 14 ಹಲ್ಲಿನಲ್ಲಿ 54.526 ಕಿಲೋಮೀಟರು ಸಾಗಿದ. ಸುತ್ತು ಹೆಚ್ಚುಕಡಿಮೆ ಅಷ್ಟೇ. ಫಿಲಿಪ್ಪೊ ಗನ್ನಾ 2022ರಲ್ಲಿ 65ಕ್ಕೆ 14 ಎಂಬ ದೈತ್ಯ ಗೇರಿನಲ್ಲಿ 56.792 ಕಿಲೋಮೀಟರು ಸಾಗಿದಾಗಲೂ ಸುತ್ತು 97ರ ಆಸುಪಾಸಿನಲ್ಲಿತ್ತು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅರುವತ್ತಾರು ವರ್ಷಗಳಲ್ಲಿ ಗೇರು ಬೆಳೆಯಿತು, ವೇಗ ಬೆಳೆಯಿತು. ಕಾಲು ತಿರುಗುವ ಲಯ ಮಾತ್ರ ನೂರರ ಸುತ್ತಮುತ್ತಲೇ ಉಳಿಯಿತು. ಚಾಂಪಿಯನ್ನರು ದೊಡ್ಡ ಗೇರಿನಿಂದ ವೇಗಶಾಲಿಗಳಾದುದಲ್ಲ. ವೇಗಶಾಲಿಗಳಾದುದರಿಂದಲೇ ಅವರಿಗೆ ದೊಡ್ಡ ಗೇರು ಬೇಕಾಯಿತು. ನನ್ನ ಶಿಷ್ಯನ ವೇಗ ನಿಮಿಷಕ್ಕೆ 644 ಮೀಟರು. 56ಕ್ಕೆ 14 ಹಾಕಿದರೆ ಒಂದು ಸುತ್ತಿಗೆ 8.4 ಮೀಟರಾಗಿ, ಅವನು ನಿಮಿಷಕ್ಕೆ ಎಪ್ಪತ್ತೇಳು ಸುತ್ತು ತುಳಿಯಬೇಕಾಗುತ್ತದೆ. ಎದುರುಗಾಳಿ ಬಂತೋ, ಅರುವತ್ತೈದಕ್ಕೆ ಇಳಿಯುತ್ತದೆ. ಗೇರು ಬದಲಿಸುವ ಅವಕಾಶವಿಲ್ಲದಲ್ಲಿ ಅಷ್ಟು ಭಾರವನ್ನು ಹೊರಬೇಕಾದುದು ಮಂಡಿಗಳು. ತೊಂಬತ್ತೈದು ಸುತ್ತಿನ ಲಯ ಇಟ್ಟುಕೊಂಡರೆ ಅವನಿಗೆ ಬೇಕಾದ ಅನುಪಾತ 3.2ರಷ್ಟು, 48ಕ್ಕೆ 15. ಅದು ಬೂಟಿಯ 84 ಇಂಚೇ ಆಗಿರುವುದು ಸ್ವಾರಸ್ಯಕರ.

ಇದೇ ಅನುಪಾತವನ್ನು 58ಕ್ಕೆ 18 ಹಾಕಿಯೂ ಪಡೆಯಬಹುದು. ದೊಡ್ಡ ಚೈನ್‌ರಿಂಗಿನ ಮೋಹವಿದ್ದವರು ಈ ದಾರಿ ಹಿಡಿಯಲಿ; ಇದರಲ್ಲಿ ನಿಜವಾದ ಪ್ರಯೋಜನವೂ ಇದೆ. ಹದಿನೈದು ಹಲ್ಲಿನ ಚಕ್ರವನ್ನು ಹತ್ತಿ ಇಳಿಯುವಾಗ ಚೈನಿನ ಪ್ರತಿ ಕೊಂಡಿಯೂ 24 ಡಿಗ್ರಿ ಮಣಿಯಬೇಕು. ಹದಿನೆಂಟರಲ್ಲಿ 20 ಡಿಗ್ರಿ ಸಾಕು. ಮಣಿತ ಕಡಿಮೆಯಾದಷ್ಟು ಘರ್ಷಣೆ ಕಡಿಮೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ಅವರ ತಂಡ 1999ರಲ್ಲಿ ಪ್ರಕಟಪಡಿಸಿದ ಪ್ರಯೋಗಗಳಲ್ಲಿಯೂ ದೊಡ್ಡ ಹಲ್ಲುಚಕ್ರಗಳೇ ಮೇಲೆನಿಸಿದವು. ಚೈನಿನ ದಕ್ಷತೆ ಅತ್ಯುತ್ತಮ ಸ್ಥಿತಿಯಲ್ಲಿ 98.6 ಶೇಕಡಾವರೆಗೆ ಮುಟ್ಟಿತ್ತು. ಉಳಿದ ಒಂದೂವರೆ ಶೇಕಡಾದಲ್ಲಿ ಎಷ್ಟು ಉಳಿಸಲು ಸಾಧ್ಯವೆಂದು ಯೋಚಿಸಿ, ದುಬಾರಿ ಕಾರ್ಬನ್ ಕ್ರ್ಯಾಂಕು ಕೊಳ್ಳುವ ಮೊದಲು ಎರಡು ಬಾರಿ ಕೈಚೀಲ ಮುಟ್ಟಿ ನೋಡುವುದು ಒಳಿತು.

ಹಣ ಹಾಕಬೇಕಾದುದು ಕಣ್ಣಿಗೆ ಬೀಳದ ಕಡೆಗೆ. ಮೊದಲನೆಯದು ಹಬ್ಬು ಮತ್ತು ಲಾಕ್‌ರಿಂಗು. ಹಲ್ಲುಚಕ್ರವನ್ನು ಬಲಮರೆಯ ಮೇಲೆ ತಿರುಗಿಸಿ ಕೂರಿಸುತ್ತಾರೆ. ಸವಾರ ಹಿಮ್ಮುಖವಾಗಿ ಒತ್ತಿ ವೇಗ ತಗ್ಗಿಸಿದರೆ ಅದು ಬಿಚ್ಚಿಕೊಳ್ಳಲು ನೋಡುತ್ತದೆ. ಎಡಮರೆಯ ಲಾಕ್‌ರಿಂಗು ಇರುವುದು ಅದನ್ನು ತಡೆಯುವುದಕ್ಕಾಗಿ. ಹಳೆಯ ಫ್ರೀವೀಲ್ ಹಬ್ಬಿಗೂ ಈ ಹಲ್ಲುಚಕ್ರ ಕೂರುತ್ತದೆ, ಆದರೆ ಅಲ್ಲಿ ಎಡಮರೆಯ ಮೆಟ್ಟಿಲೇ ಇರುವುದಿಲ್ಲ. ಮಿತವ್ಯಯದ ಹೆಸರಿನಲ್ಲಿ ಇಂಥ ಹಬ್ಬನ್ನು ಕಟ್ಟುವವರನ್ನು ನಾನು ಮಿತವ್ಯಯಿಗಳೆನ್ನಲಾರೆ. ಎರಡನೆಯದು, ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು ಒಂದೇ ನೇರದಲ್ಲಿರಬೇಕು. ಬಾಟಮ್ ಬ್ರಾಕೆಟ್ಟಿನ ಆಕ್ಸಲನ್ನು ಈ ಅಳತೆಗೆ ತಕ್ಕಂತೆ ಆಯ್ದುಕೊಳ್ಳಬೇಕು. ಚೈನು ಓರೆಯಾದರೆ ಸದ್ದು, ಸವೆತ, ಕಡೆಗೊಮ್ಮೆ ಕಳಚಿ ಬೀಳುವ ಅಪಾಯ. ಚಲಿಸುವಾಗ ಚೈನು ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರವೇ ನಿಂತುಬಿಡುತ್ತದೆ. ಚೈನಿನ ಅಗಲವನ್ನು ಹಲ್ಲಿನ ಅಗಲಕ್ಕೆ ಹೊಂದಿಸಬೇಕೆಂದು ಬೇರೆ ಹೇಳಬೇಕಿಲ್ಲ. ಕ್ರ್ಯಾಂಕು 165 ಮಿಲಿಮೀಟರು ಸಾಕು. ತಿರುವಿನಲ್ಲಿಯೂ ಪೆಡಲು ತಿರುಗುತ್ತಲೇ ಇರುವುದರಿಂದ ಉದ್ದನೆಯದು ನೆಲಕ್ಕೆ ತಾಗೀತು.

ಮುಂದಿನ ಬ್ರೇಕಿನ ವಿಷಯದಲ್ಲಿ ಚರ್ಚೆಯೇ ಬೇಡ. ಇಳಿಜಾರಿನಲ್ಲಿ ಗಂಟೆಗೆ ಅರುವತ್ತು ಕಿಲೋಮೀಟರು ವೇಗ ಬಂದರೆ 84 ಇಂಚಿನ ಗೇರಿನಲ್ಲಿ ಕಾಲು ನಿಮಿಷಕ್ಕೆ 149 ಸುತ್ತು ತಿರುಗುತ್ತದೆ. ಆಗ ಕಾಲಿನಿಂದ ತಡೆಯುವೆನೆಂಬುದು ಭ್ರಮೆ.

ನಮ್ಮ ವಿಜಯಪುರ, ಬಾಗಲಕೋಟೆಗಳ ಹುಡುಗರು ಸೈಕಲ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದವರು. ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ರಸ್ತೆ ಸ್ಪರ್ಧೆಯಲ್ಲಿ ಸ್ಥಿರ ಗೇರು ನಿಷಿದ್ಧವಾದ್ದರಿಂದ ಅವರಿಗೆ ಇದು ಟ್ರ್ಯಾಕಿಗೆ ಮಾತ್ರ ಸಂಬಂಧಿಸಿದ್ದು. ಆದರೆ ಗೇರಿನ ಗಾತ್ರದ ಪ್ರಶ್ನೆ ಅವರದೂ ಹೌದು. ಕಿರಿಯರ ರಸ್ತೆ ಸ್ಪರ್ಧೆಗಳಲ್ಲಿ ಪೆಡಲಿನ ಒಂದು ಸುತ್ತಿಗೆ 7.93 ಮೀಟರನ್ನು ಮೀರಬಾರದೆಂಬ ಮಿತಿಯಿತ್ತು. ಹೆಚ್ಚುಕಡಿಮೆ ಮರ್ಕ್ಸ್‌ನ 52ಕ್ಕೆ 14. ಒಕ್ಕೂಟವು 2023ರಿಂದ ಅದನ್ನು ತೆಗೆದುಹಾಕಿದೆ. ನಿಯಮ ಹೋದರೂ ನಮ್ಮ ತರಬೇತುದಾರರು ಆ ಮಿತಿಯನ್ನು ತಾವಾಗಿ ಉಳಿಸಿಕೊಳ್ಳಬೇಕೆಂಬುದು ನನ್ನ ಕೋರಿಕೆ. ಹದಿನಾರರ ಹುಡುಗನಿಗೆ 7.93 ಮೀಟರು ಸಾಲದೆ ಹೋಗಬೇಕಾದರೆ ಅವನು ನೂರು ಸುತ್ತಿನ ಲಯದಲ್ಲಿ ಗಂಟೆಗೆ 47 ಕಿಲೋಮೀಟರು ಮೀರಬೇಕು. ಅಂಥವನು ಸಿಕ್ಕ ದಿನ ಹಲ್ಲು ಹೆಚ್ಚಿಸುವುದು ಐದು ನಿಮಿಷದ ಕೆಲಸ.