ಎರಡು ಬಗೆಯ ‘ಸೀಜ್’

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ‘ಸೀಜ್’ ಎಂಬ ಮಾತಿಗೆ ನನಗೆ ಒಂದೇ ಅರ್ಥ ಗೊತ್ತಿತ್ತು. ಸಾಲದ ಕಂತು ತಿಂಗಳುಗಟ್ಟಲೆ ಬಾಕಿ ಉಳಿದರೆ, ಆಧಾರವಾಗಿ ಇಟ್ಟ ಲಾರಿಯನ್ನೋ ಆಟೋವನ್ನೋ ಬ್ಯಾಂಕಿನವರು ವಶಕ್ಕೆ ತೆಗೆದುಕೊಳ್ಳುತ್ತಾರಲ್ಲ, ಅದು. ಗ್ಯಾರೇಜಿನವರ ‘ಸೀಜ್’ ಬೇರೆ. ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡಬೇಕಾದ ಪಿಸ್ಟನ್, ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡು ಅಲ್ಲಾಡದೆ ನಿಂತರೆ ‘ಎಂಜಿನ್ ಸೀಜ್ ಆಯ್ತು’ ಎನ್ನುತ್ತಾರೆ. ಗ್ಯಾರೇಜಿನ ಸೀಜ್ ಬಂದರೆ ಅದರ ಬೆನ್ನಿಗೇ ಬ್ಯಾಂಕಿನ ಸೀಜ್ ಬಂದು ನಿಲ್ಲಬಹುದು. ನನ್ನ ತಂಗಿಯ ಮಗನಿಗೆ ಆ ಭಯ ಬಂದದ್ದು ಹೋದ ಅಕ್ಟೋಬರಿನಲ್ಲಿ.

ಅವನು ನಮ್ಮ ಕರಾವಳಿಯ ಬೀಚೊಂದರಲ್ಲಿ ವಾಟರ್ ಸ್ಕೂಟರ್ ಓಡಿಸುತ್ತಾನೆ. ಮಲ್ಪೆ, ಮುರುಡೇಶ್ವರಕ್ಕೆ ಹೋದವರು ನೋಡಿರುತ್ತೀರಿ. ಬೈಕಿನಂತೆ ಕೂತು ನೀರಿನ ಮೇಲೆ ಬುರ್ರೆಂದು ಹೋಗುವ ವಾಹನ. ಇವನದು ಸೆಕೆಂಡ್ ಹ್ಯಾಂಡ್, ಸಾಲ ಮಾಡಿ ಕೊಂಡದ್ದು. ಮಳೆಗಾಲದ ನಾಲ್ಕು ತಿಂಗಳು ಕಡಲಿಗೆ ಇಳಿಯುವಂತಿಲ್ಲ. ಅಕ್ಟೋಬರಿನ ರಜೆಯಲ್ಲಿ ದುಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ವಾಹನದ ಹುಟ್ಟಿನಲ್ಲಿ ನಮ್ಮ ಜಾತಿಯವನೊಬ್ಬ ಇದ್ದಾನೆ. ಜಾತಿ ಎಂದರೆ ಬ್ಯಾಂಕಿನ ಜಾತಿ! ಅಮೆರಿಕದ ಕ್ಲೇಟನ್ ಜೇಕಬ್‌ಸನ್ ಎಂಬಾತ ಬ್ಯಾಂಕಿನ ಕೆಲಸದಲ್ಲಿದ್ದು, ಬೈಕ್ ಓಟದ ಹುಚ್ಚು ಹಿಡಿಸಿಕೊಂಡವನು. ಬೈಕಿನಿಂದ ಬಿದ್ದು ಮೈ ತರಚಿಸಿಕೊಳ್ಳುವ ಬದಲು ನೀರಿನ ಮೇಲೆ ಓಡಿಸಿದರೆ ಹೇಗೆ ಎಂದು ಯೋಚಿಸಿ, 1960ರ ದಶಕದಲ್ಲಿ ಕೆಲಸ ಬಿಟ್ಟು ಇದರ ಹಿಂದೆ ಬಿದ್ದ. 1968ರಲ್ಲಿ ಕೆನಡಾದ ಬೊಂಬಾರ್ಡಿಯರ್ ಕಂಪೆನಿ ‘ಸೀ-ಡೂ’ ಎಂಬ ಹೆಸರಿನಲ್ಲಿ ಕೂತು ಓಡಿಸುವ ಗಾಡಿ ತಂದಿತು. 1970ರ ದಶಕದ ಆರಂಭದಲ್ಲಿ ಜಪಾನಿನ ಕವಾಸಾಕಿಯವರು ನಿಂತು ಓಡಿಸುವ ‘ಜೆಟ್ ಸ್ಕಿ’ ತಂದರು. ಇದಕ್ಕೆ ದೋಣಿಯಂತೆ ಹೊರಗೆ ತಿರುಗುವ ರೆಕ್ಕೆ ಇಲ್ಲ. ಅಡಿಯಿಂದ ನೀರು ಎಳೆದು ಹಿಂದಿನ ಮೂತಿಯಿಂದ ಜೋರಾಗಿ ಉಗುಳುತ್ತದೆ; ನೀರು ಹಿಂದಕ್ಕೆ, ಗಾಡಿ ಮುಂದಕ್ಕೆ. ನ್ಯೂಟನ್ನನ ಮೂರನೆಯ ನಿಯಮ ಎಂದು ಪಾಠದಲ್ಲಿ ಓದಿದ್ದೀರಲ್ಲ, ಅದೇ.

ಒಂದು ಮಧ್ಯಾಹ್ನ ಆ ಗಾಡಿ ಕಡಲಲ್ಲಿ ಕಿರ್ರೆಂದು ಕೂಗಿ ನಿಂತುಬಿಟ್ಟಿತು. ದಡಕ್ಕೆ ಎಳೆದು ತಂದರು. ಸ್ಟಾರ್ಟ್ ಗುಂಡಿ ಒತ್ತಿದರೆ ‘ಟಕ್’ ಎಂಬ ಒಂದೇ ಸದ್ದು. ‘ಮಾವ, ಎಂಜಿನ್ ಹೋಯ್ತು’ ಎಂದು ಫೋನ್ ಮಾಡಿದ. ನನಗೆ ಎಂಜಿನ್ ತಿಳಿಯದು. ಆದರೆ ದಕ್ಕೆಯಲ್ಲಿ ನಾಡದೋಣಿಗಳ ಎಂಜಿನ್ ಬಿಚ್ಚಿ ಕಟ್ಟಿ ಕೂದಲು ಹಣ್ಣಾದ ಮೇಸ್ತ್ರಿಯೊಬ್ಬರು ನನ್ನ ಹಳೆಯ ಗಿರಾಕಿ. ಅವರನ್ನು ಕರೆದುಕೊಂಡು ಹೋದೆ.

ಮೇಸ್ತ್ರಿಗಳು ಹೇಳಿದ ಮೊದಲ ಮಾತು: ‘ಇನ್ನು ಆ ಗುಂಡಿ ಒತ್ತಬೇಡ ಮಾರಾಯ.’ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಅದುಮಲು ಆಗುವುದಿಲ್ಲ. ಬಲವಂತ ಮಾಡಿದರೆ ಕಬ್ಬಿಣದ ಕೋಲೇ ಬಾಗುತ್ತದೆ.

ಆಮೇಲೆ ಒಂದೊಂದಾಗಿ ಪರೀಕ್ಷೆ. ಬ್ಯಾಟರಿ ದುರ್ಬಲವಾದರೂ ‘ಟಕ್’ ಸದ್ದೇ ಬರುತ್ತದೆ. ಮೀಟರ್ ಇಟ್ಟರು, 12.6 ವೋಲ್ಟ್ ತೋರಿಸಿತು, ಬ್ಯಾಟರಿಯದು ತಪ್ಪಿಲ್ಲ. ಹಿಂದಿನ ಪಂಪಿಗೆ ಹಗ್ಗವೋ ಬಲೆಯ ತುಂಡೋ ಸುತ್ತಿಕೊಂಡರೂ ಎಲ್ಲವೂ ಬಿಗಿಯುತ್ತದೆ. ಪಂಪ್ ಬಿಚ್ಚಿದರು, ಕೈಯಲ್ಲೇ ಸಲೀಸಾಗಿ ತಿರುಗಿತು. ಎರಡು ಸ್ಪಾರ್ಕ್ ಪ್ಲಗ್ ತೆಗೆದರು. ನೀರಿನ ಹನಿ ಇಲ್ಲ. ಪ್ಲಗ್ ತೆಗೆದ ಮೇಲೂ ಎಂಜಿನ್ ತಿರುಗಲಿಲ್ಲ. ಆಗ ಮಾತ್ರ ಅವರು ‘ಸೀಜೇ ಹೌದು’ ಎಂದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆಯುವ ಪೈಕಿಯವರಲ್ಲ ಅವರು.

ಪ್ಲಗ್‌ಗಳನ್ನು ನನ್ನ ಅಂಗೈಯಲ್ಲಿ ಇಟ್ಟು, ‘ನೋಡಿ, ಇವು ಎಂಜಿನ್ನಿನ ನಾಲಿಗೆ’ ಎಂದರು. ಮುಂದಿನ ಸಿಲಿಂಡರಿನ ಪ್ಲಗ್ ಕಾಫಿ ಬಣ್ಣಕ್ಕಿತ್ತು, ಆರೋಗ್ಯದ ಲಕ್ಷಣ. ಹಿಂದಿನದು ಬೂದಿಯಂತೆ ಬಿಳಿ, ಅದರ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಸಣ್ಣ ಚುಕ್ಕೆ. ಪ್ಲಗ್ ತೂತಿನಿಂದ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಇಟ್ಟರು. ಮರುದಿನ ಹೆಡ್ ಬಿಚ್ಚಿದಾಗ, ಹಿಂದಿನ ಪಿಸ್ಟನ್ನಿನ ಮೈ ಕರಗಿ ಗೋಡೆಗೆ ಮೆತ್ತಿಕೊಂಡಿತ್ತು.

ಕರಗಿದ್ದೇಕೆ? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರಿನ ಗೋಡೆ ಕಬ್ಬಿಣದ್ದು. ಬಿಸಿಗೆ ಅಲ್ಯೂಮಿನಿಯಮ್ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 80 ಮಿಲಿಮೀಟರ್ ಅಗಲದ ಪಿಸ್ಟನ್ 100 ಡಿಗ್ರಿ ಬಿಸಿ ಏರಿದರೆ ಸುಮಾರು 0.18 ಮಿ.ಮೀ. ಹಿಗ್ಗುತ್ತದೆ, ಗೋಡೆ ಅದರ ಅರ್ಧ ಮಾತ್ರ. ತಣ್ಣಗಿದ್ದಾಗ ಇವೆರಡರ ನಡುವೆ ಬಿಡುವ ಜಾಗವೇ ಒಂದು ತಲೆಗೂದಲಿನ ದಪ್ಪದ ಆಸುಪಾಸು. ಮಿತಿ ಮೀರಿ ಬಿಸಿಯಾದರೆ ಆ ಜಾಗ ಮುಚ್ಚಿಹೋಗುತ್ತದೆ. ಆಗ ಕಾಪಾಡುವುದು ಎಣ್ಣೆಯ ತೆಳುಪದರ ಒಂದೇ.

ಈ ಗಾಡಿಯದು ಟೂ-ಸ್ಟ್ರೋಕ್ ಎಂಜಿನ್. ಅಜ್ಜ-ಅಜ್ಜಿಯರಿಗೆ ನೆನಪಿರಬೇಕು, ಹಿಂದೆ ನಮ್ಮ ಸ್ಕೂಟರಿಗೆ ಬಂಕಿನಲ್ಲಿ ಪೆಟ್ರೋಲಿನ ಜೊತೆಗೆ ಟೂ-ಟಿ ಆಯಿಲ್ ಹಾಕಿಸುತ್ತಿದ್ದೆವು. ಇದಕ್ಕೂ ಹಾಗೆಯೇ, ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಒಳಗೆ ಹೋಗಬೇಕು. ಮೇಸ್ತ್ರಿಗಳು ಹಿಂದಿನ ಸಿಲಿಂಡರಿನ ಕಾರ್ಬ್ಯುರೇಟರ್ ಬಿಚ್ಚಿದರು. ಮಳೆಗಾಲವಿಡೀ ಅದರಲ್ಲಿ ನಿಂತಿದ್ದ ಪೆಟ್ರೋಲು ಆರಿ, ಅಂಟಾಗಿ, ಸೂಜಿಮೊನೆಯಷ್ಟು ಸಣ್ಣ ತೂತನ್ನು ಅರ್ಧ ಮುಚ್ಚಿತ್ತು. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದರೆ ಬೆಂಕಿಯ ಕಾವು ಏರುತ್ತದೆ. ಪೆಟ್ರೋಲಿನ ಜೊತೆ ಬರುವ ಎಣ್ಣೆಯೂ ಕಡಿಮೆಯಾಯಿತು. ಕಾವು ಹೆಚ್ಚು, ಎಣ್ಣೆ ಕಡಿಮೆ. ಕಳ್ಳ ಸಿಕ್ಕಿದ.

ಈಗ ಬಂತು ಕಷ್ಟದ ಪ್ರಶ್ನೆ. ಪಕ್ಕದ ಒಬ್ಬರು, ‘ಗೋಡೆಗೆ ಮರಳುಕಾಗದ ಉಜ್ಜಿ, ಅದೇ ಪಿಸ್ಟನ್ ಹಾಕಿ ಶನಿವಾರ ಭಾನುವಾರ ಓಡಿಸು, ರಜೆ ಮುಗಿದ ಮೇಲೆ ನೋಡಿದರಾಯಿತು’ ಎಂದರು. ಹುಡುಗನ ಮನಸ್ಸು ಅತ್ತ ವಾಲಿತು. ಕಂತಿನ ದಿನ ಹತ್ತಿರ ಬಂದಿತ್ತು. ಮೇಸ್ತ್ರಿಗಳು ಕೇಳಿದ್ದು ಇಷ್ಟೇ: ‘ನಡುನೀರಿನಲ್ಲಿ ಇದು ಮತ್ತೆ ನಿಂತಾಗ ನಿನ್ನ ಹಿಂದೆ ಯಾರ ಮನೆಯ ಮಗು ಕೂತಿರುತ್ತದೆ?’ ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಸ್ಪ್ಯಾನರ್ ತಂದುಕೊಟ್ಟ.

ನಾನು ನನ್ನ ಕಸುಬಿನ ಮಾತು ಹೇಳಿದೆ. ಲೆಕ್ಕ ತಾಳೆಯಾಗದಿದ್ದರೆ ಕೊನೆಯ ಮೊತ್ತವನ್ನು ತಿದ್ದಿ ಮನೆಗೆ ಹೋಗುವ ಹಾಗಿಲ್ಲ. ವ್ಯತ್ಯಾಸ ಎಲ್ಲಿ ಹುಟ್ಟಿತು ಎಂದು ಹುಡುಕಬೇಕು. ಮರುದಿನವೇ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಕಂತು ತಪ್ಪಿದ ಮೇಲೆ ತಲೆ ಮರೆಸಿಕೊಳ್ಳುವುದಕ್ಕಿಂತ, ತಪ್ಪುವ ಮೊದಲೇ ಹೋಗಿ ಇದ್ದದ್ದು ಇದ್ದಂತೆ ಹೇಳುವುದು ಮೇಲು. ತಡವಾದ ದಿನಗಳ ಬಡ್ಡಿ ಕಟ್ಟಬೇಕಾಯಿತು, ಗಾಡಿ ಮಾತ್ರ ಅವನ ಬಳಿಯೇ ಉಳಿಯಿತು.

ಎಂಜಿನ್ ಕಟ್ಟಲು ಒಂಬತ್ತು ದಿನ ಹಿಡಿಯಿತು. ಸಿಲಿಂಡರುಗಳನ್ನು ಮೇಲೆ, ನಡುವೆ, ಕೆಳಗೆ ಅಳೆದು, ಎರಡನ್ನೂ ಲೇತಿನವರ ಬಳಿ ಅರ್ಧ ಮಿ.ಮೀ. ದೊಡ್ಡದಾಗಿ ಕೊರೆಸಿದರು. ಗೋಡೆಯಲ್ಲಿ ಎಣ್ಣೆ ನಿಲ್ಲಲೆಂದು ಅಡ್ಡಡ್ಡ ಸಣ್ಣ ಗೀರು ಹಾಕಿಸಿದರು. ಅದೇ ಅಳತೆಯ ಹೊಸ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಬಂದವು. ತಳದಲ್ಲಿ ಉದುರಿದ್ದ ಲೋಹದ ಚೂರುಗಳನ್ನೆಲ್ಲ ತೊಳೆದರು. ಹೆಡ್ಡಿನ ಬೋಲ್ಟುಗಳನ್ನು ಒಂದೇ ಸಲ ಬಿಗಿಯದೆ, ಎದುರುಬದುರಾಗಿ, ಹಂತ ಹಂತವಾಗಿ, ಅಳತೆಯ ಸ್ಪ್ಯಾನರಿನಲ್ಲಿ ಬಿಗಿದರು. ಕಾರ್ಬ್ಯುರೇಟರ್ ಎರಡನ್ನೂ ಶುಚಿ ಮಾಡಿದರು. ಇಂದು ಅಣ್ಣನಿಗೆ ಬಂದ ಕಾಯಿಲೆ ನಾಳೆ ತಮ್ಮನಿಗೂ ಬರಬಹುದಲ್ಲ! ಮೊದಲ ಟ್ಯಾಂಕಿಗೆ ಎಣ್ಣೆ ಸ್ವಲ್ಪ ಹೆಚ್ಚು, ವೇಗ ಕಡಿಮೆ. ರಜೆಯ ಅರ್ಧ ಹೋಯಿತು, ಉಳಿದರ್ಧ ಸಿಕ್ಕಿತು. ಡಿಸೆಂಬರಿನ ಹೊತ್ತಿಗೆ ಬಾಕಿ ಕಂತೂ ತೀರಿತು.

ಈಗ ಹುಡುಗ ದಿನವೂ ಸಂಜೆ ಗಾಡಿಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯುತ್ತಾನೆ. ಅದಕ್ಕೂ ಕ್ರಮ ಉಂಟು: ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು; ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ತಿರುಗುಮುರುಗಾದರೆ ಹೊಗೆ ಹೋಗುವ ದಾರಿಯಲ್ಲಿ ನೀರು ತುಂಬಿ ಸಿಲಿಂಡರಿಗೇ ನುಗ್ಗಬಹುದು. ಮಳೆಗಾಲಕ್ಕೆ ಮುಂಚೆ ಕಾರ್ಬ್ಯುರೇಟರಿನ ಪೆಟ್ರೋಲು ಪೂರ್ತಿ ಖಾಲಿ ಮಾಡುತ್ತಾನೆ. ಮನೆಯಲ್ಲಿ ಹಳೆಯ ಪೆಟ್ರೋಲ್ ಪಂಪ್‌ಸೆಟ್ಟೋ ಹುಲ್ಲು ಕತ್ತರಿಸುವ ಯಂತ್ರವೋ ಇದ್ದರೆ, ಅಜ್ಜಂದಿರೇ, ನೀವೂ ಹಾಗೆ ಮಾಡಿ.

ಈ ವಾರದ ಲೆಕ್ಕ: ಟ್ಯಾಂಕಿಗೆ 15 ಲೀಟರ್ ಪೆಟ್ರೋಲು ಹಾಕಿದೆ. 50 ಭಾಗ ಪೆಟ್ರೋಲಿಗೆ 1 ಭಾಗ ಎಣ್ಣೆಯಾದರೆ ಎಷ್ಟು ಮಿಲಿಲೀಟರ್ ಎಣ್ಣೆ ಬೇಕು? 40ಕ್ಕೆ 1 ಆದರೆ ಎಷ್ಟು ಹೆಚ್ಚು ಬೇಕು? ಕ್ಯಾಲ್ಕುಲೇಟರ್ ಮುಟ್ಟಬೇಡಿ. ಉತ್ತರ ಮುಂದಿನ ವಾರ.