ಸೋಲ್‌ಗೆ ಸೋಲೋಣ ಬನ್ನಿ

ಸೋಲ್ ಮ್ಯೂಸಿಕ್ ಅಂತ ಹುಡುಕಿದರೆ ನಮ್ಮ ಫೋನಿನ ಆ್ಯಪ್‌ಗಳು ಸಾಮಾನ್ಯವಾಗಿ ಎರಡು ಬಗೆಯ ಪಟ್ಟಿಗಳನ್ನು ಮುಂದಿಡುತ್ತವೆ. ಒಂದು, ಓದುವಾಗಲೋ ಕೋಡ್ ಬರೆಯುವಾಗಲೋ ಹಿಂದೆ ಸಣ್ಣಗೆ ಓಡುತ್ತಿರಲಿ ಅಂತ ಜೋಡಿಸಿದ 'ಚಿಲ್' ಪಟ್ಟಿ. ಇನ್ನೊಂದು, ಸಾರ್ವಕಾಲಿಕ ಶ್ರೇಷ್ಠ ನೂರು ಹಾಡುಗಳ ಪಟ್ಟಿ. ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡ್ತೀವಿ: ಎರಡೂ ತಪ್ಪು ಬಾಗಿಲು. ಮೊದಲನೆಯದು ಈ ಹಾಡುಗಳನ್ನು ಸೀಲಿಂಗ್ ಫ್ಯಾನಿನ ಸದ್ದಿನ ಮಟ್ಟಕ್ಕೆ ಇಳಿಸುತ್ತೆ. ಎರಡನೆಯದು ಸಿಲಬಸ್ ಥರ ಹೆದರಿಸುತ್ತೆ. ಹದಿನೈದನೇ ಹಾಡಿನ ಹೊತ್ತಿಗೆ ಎಲ್ಲವೂ ಒಂದೇ ಥರ ಕೇಳಿಸೋಕೆ ಶುರುವಾಗಿ, 'ಹಳೇ ಕಾಲದ ಇಂಗ್ಲಿಷ್ ಹಾಡು, ನಮಗಲ್ಲ ಬಿಡಪ್ಪ' ಅಂತ ಎದ್ದು ಹೋಗ್ತೀವಿ.

ಸೋಲ್ ಕೇಳೋಕೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ಒಬ್ಬ ಗಾಯಕ, ಒಂದು ಹಾಡು, ಆ ಹಾಡು ಹುಟ್ಟಿದ ಜಾಗ. ಅಷ್ಟೇ. ತಮ್ಮ ಮಾತಿಗೆ ಕಿವಿ ಮುಚ್ಚಿಕೊಂಡಿದ್ದ ದೇಶದಲ್ಲಿ, ಕೇಳಿಸಿಯೇ ತೀರುತ್ತೇವೆ ಅಂತ ಎದ್ದ ದನಿಗಳು ಇವು. ಹಿನ್ನೆಲೆಗೆ ತಳ್ಳಿದರೆ ಕಳೆದುಕೊಳ್ಳುವವರು ನಾವೇ.

ಚರ್ಚಿನಿಂದ ಬೀದಿಗೆ

ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಗಾಸ್ಪೆಲ್ ಅನ್ನೋ ಭಕ್ತಿ ಸಂಗೀತ ಇದೆ. ಒಬ್ಬರು ಮುಂದೆ ನಿಂತು ಹಾಡ್ತಾರೆ, ಉಳಿದವರು ಉತ್ತರ ಕೊಡ್ತಾರೆ. ಭಜನೆ ಕೇಳಿ ಬೆಳೆದವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ. ಹಾಡು ಏರುತ್ತಾ ಹೋದಂತೆ ಮಾತು ಕಡಿಮೆಯಾಗುತ್ತೆ. ಒಂದೇ ಅಕ್ಷರ ಏಳೆಂಟು ಸ್ವರಗಳ ಮೇಲೆ ಜಾರುತ್ತೆ. ದನಿ ಒಡೆಯುತ್ತೆ, ಕೂಗಾಗುತ್ತೆ. 1950ರ ದಶಕದಲ್ಲಿ ಕೆಲವರು ಇದೇ ಹಾಡುಗಾರಿಕೆಯನ್ನು ಚರ್ಚಿನಿಂದ ಹೊರಗೆ ತಂದು, ದೇವರ ಜಾಗದಲ್ಲಿ ಪ್ರೀತಿಸಿದವರನ್ನು ಕೂರಿಸಿದರು. ಸೋಲ್ ಹುಟ್ಟಿದ್ದು ಹಾಗೆ.

1954ರ ಕೊನೆಯಲ್ಲಿ ಬಂದ ರೇ ಚಾರ್ಲ್ಸ್ ಅವರ 'ಐ ಗಾಟ್ ಎ ವುಮನ್' ಹಾಡಿನ ಬೇರು ಒಂದು ಗಾಸ್ಪೆಲ್ ಹಾಡಿನಲ್ಲಿದೆ. ಚರ್ಚಿನ ಹಲವರಿಗೆ ಇದು ದೈವನಿಂದೆ ಅನ್ನಿಸಿತು. ಇದೇ ಹಾಡನ್ನು ಇಟ್ಟುಕೊಂಡು ಕಾನ್ಯೆ ವೆಸ್ಟ್ 2005ರಲ್ಲಿ 'ಗೋಲ್ಡ್ ಡಿಗ್ಗರ್' ಮಾಡಿದ್ದು. ಅಂದ್ರೆ ನಮ್ಮಲ್ಲಿ ಹಲವರ ಕಿವಿಗೆ ಸೋಲ್ ಹಿಂಬಾಗಿಲಿನಿಂದ ಆಗಲೇ ಬಂದು ಕೂತಿದೆ.

ಸ್ಯಾಮ್ ಕುಕ್ ಕಥೆ ಇನ್ನೂ ಸ್ವಾರಸ್ಯ. ಅವರು 'ಸೋಲ್ ಸ್ಟಿರರ್ಸ್' ಅನ್ನೋ ಗಾಸ್ಪೆಲ್ ತಂಡದ ತಾರೆ. ಅಭಿಮಾನಿಗಳು ಸಿಟ್ಟಾದಾರು ಅಂತ ಮೊದಲ ಪಾಪ್ ರೆಕಾರ್ಡನ್ನು ಡೇಲ್ ಕುಕ್ ಅನ್ನೋ ಬೇರೆ ಹೆಸರಲ್ಲಿ ತಂದರು. ಹೆಸರು ಬದಲಾಯಿಸಬಹುದು, ಆ ದನಿಯನ್ನು ಎಲ್ಲಿ ಬಚ್ಚಿಡೋದು? 1957ರಲ್ಲಿ ಸ್ವಂತ ಹೆಸರಲ್ಲೇ ಹಾಡಿದ 'ಯೂ ಸೆಂಡ್ ಮಿ' ದೇಶದ ನಂಬರ್ ಒನ್ ಹಾಡಾಯಿತು.

ಮೊದಲ ಎರಡು ನಿಮಿಷ

ಹಾಗಂತ 1954ರಿಂದ ವರ್ಷಾನುಕ್ರಮದಲ್ಲಿ ಕೇಳಿ ಅಂತ ನಾವು ಹೇಳಲ್ಲ. ಇತಿಹಾಸದ ಪಾಠಕ್ಕೆ ಹೆದರುವವರು ಬಿಲ್ ವಿದರ್ಸ್ ಅವರಿಂದ ಶುರು ಮಾಡಲಿ. ಹಾಡು 'ಏಂಟ್ ನೋ ಸನ್‌ಶೈನ್', ವರ್ಷ 1971. ಉದ್ದ ಹೆಚ್ಚು ಕಡಿಮೆ ಎರಡೇ ನಿಮಿಷ. ಗಿಟಾರು, ಸ್ವಲ್ಪ ಡ್ರಮ್, ಪಿಟೀಲುಗಳು, ಒಂದು ದನಿ. ನಡುವೆ ಎರಡೇ ಪದಗಳನ್ನು ಅವರು ಒಂದೇ ಸಮನೆ 26 ಸಲ ಹೇಳ್ತಾರೆ. ಅಲ್ಲಿ ಬೇರೆ ಸಾಹಿತ್ಯ ಬರೆಯುವ ಯೋಚನೆ ಅವರಿಗಿತ್ತು. ಸ್ಟುಡಿಯೋದಲ್ಲಿದ್ದ ವಾದ್ಯಗಾರರು 'ಬೇಡ, ಹೀಗೇ ಇರಲಿ' ಅಂದರು. ಅದೇ ಹಾಡಿನ ಪ್ರಾಣವಾಯಿತು. ಗೊತ್ತಿರುವುದನ್ನು ತನಗೆ ತಾನೇ ಹೇಳಿಕೊಳ್ಳುವ ಮನುಷ್ಯನ ಒದ್ದಾಟ ಅದು. ಅರ್ಥಮಾಡಿಕೊಳ್ಳೋಕೆ ಡಿಕ್ಷನರಿ ಬೇಕಿಲ್ಲ.

ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿ ಪ್ರದೇಶದಲ್ಲಿ ಹುಟ್ಟಿದ ವಿದರ್ಸ್‌ಗೆ ಚಿಕ್ಕಂದಿನಿಂದ ತೊದಲು ಇತ್ತು. ಒಂಬತ್ತು ವರ್ಷ ನೌಕಾಪಡೆಯಲ್ಲಿದ್ದರು. ಆಮೇಲೆ ವಿಮಾನಗಳಿಗೆ ಶೌಚಾಲಯ ತಯಾರಿಸುವ ಕಾರ್ಖಾನೆಯಲ್ಲಿ ದುಡಿದರು. ಮೊದಲ ಆಲ್ಬಂ 'ಜಸ್ಟ್ ಆ್ಯಸ್ ಐ ಆ್ಯಮ್' ಬಂದಾಗ ಅವರಿಗೆ ಮೂವತ್ತು ದಾಟಿತ್ತು. ಅದರ ಮುಖಪುಟ ಹುಡುಕಿ ನೋಡಿ: ಕೆಲಸದ ಜಾಗದಲ್ಲಿ ನಿಂತಿದ್ದಾರೆ, ಕೈಯಲ್ಲಿ ಊಟದ ಡಬ್ಬಿ.

ಒಂದೇ ಹಾಡು, ಎರಡು ಬಾಯಿ

ಎರಡನೇ ಹೆಜ್ಜೆ ಒಂದು ಚಿಕ್ಕ ಪ್ರಯೋಗ. 'ರೆಸ್ಪೆಕ್ಟ್' ಹಾಡಿನ ಎರಡು ರೂಪಗಳನ್ನು ಒಂದರ ಹಿಂದೆ ಒಂದು ಕೇಳಿ. ಮೊದಲು ಅದನ್ನು ಬರೆದ ಓಟಿಸ್ ರೆಡ್ಡಿಂಗ್ ಹಾಡಿದ್ದು, 1965. ಆಮೇಲೆ ಅರೀತಾ ಫ್ರಾಂಕ್ಲಿನ್ ಹಾಡಿದ್ದು, 1967.

ಓಟಿಸ್ ಹಾಡಿನಲ್ಲಿ ದುಡಿದು ಮನೆಗೆ ಬರುವ ಗಂಡಸು ಹೆಂಗಸಿನಿಂದ ಮರ್ಯಾದೆ ಕೇಳ್ತಾನೆ. ಹಾಡು ಓಡುತ್ತೆ, ತುತ್ತೂರಿಗಳು ಹಿಂದಿನಿಂದ ನೂಕುತ್ತವೆ. ಚೆನ್ನಾಗೇ ಇದೆ. ಅರೀತಾ ಅದನ್ನು ತಿರುಗಿಸಿ ಹಾಕಿದರು. ಈಗ ಕೇಳ್ತಿರೋದು ಹೆಂಗಸು, ಮತ್ತು ಆಕೆ ಬೇಡಿಕೊಳ್ತಿಲ್ಲ. ಆ ಪದದ ಏಳು ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿ, ಬಾರದವರಿಗೆ ಕಾಗುಣಿತ ಕಲಿಸಿದ ಹಾಗೆ ಕಲಿಸ್ತಾಳೆ. ಈ ಅಕ್ಷರಗಳ ಭಾಗ ಓಟಿಸ್ ಹಾಡಿನಲ್ಲಿ ಇಲ್ಲವೇ ಇಲ್ಲ. ಹಿಂದೆ ದನಿಗೂಡಿಸೋದು ಅರೀತಾಳ ಅಕ್ಕ ಅರ್ಮಾ ಮತ್ತು ತಂಗಿ ಕ್ಯಾರೊಲಿನ್. ಡೆಟ್ರಾಯಿಟ್‌ನ ಚರ್ಚಿನಲ್ಲಿ ಪಾದ್ರಿಯಾಗಿದ್ದ ಅಪ್ಪನ ನೆರಳಲ್ಲಿ ಬೆಳೆದ ಹುಡುಗಿಯರು ಇವರು. ಮುಂದೆ ಒಬ್ಬರು, ಹಿಂದೆ ಉತ್ತರ ಕೊಡೋರು: ಚರ್ಚಿನ ಅದೇ ರಚನೆ, ಬೇಡಿಕೆ ಮಾತ್ರ ಈ ಲೋಕದ್ದು. ಮನೆಯೊಳಗಿನ ಜಗಳದ ಹಾಡನ್ನು ಹೆಂಗಸರು ತಮ್ಮದಾಗಿಸಿಕೊಂಡರು, ನಾಗರಿಕ ಹಕ್ಕುಗಳಿಗಾಗಿ ಬೀದಿಗಿಳಿದವರೂ ತಮ್ಮದಾಗಿಸಿಕೊಂಡರು.

ಗಾಯಕ ಅಂದ್ರೆ ಒಳ್ಳೆಯ ಕಂಠ ಮಾತ್ರ ಅಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಹಾಡು ಬರೆದವರು ಓಟಿಸ್. ಆದರೆ ಅದರೊಳಗೆ ಇನ್ನೊಂದು ಹಾಡು ಇರೋದನ್ನು ಕಂಡವರು ಅರೀತಾ.

ಎರಡು ಕಟ್ಟಡಗಳು

ಇಷ್ಟು ಕೇಳಿದ ಮೇಲೆ 'ಈ ಸದ್ದು ಯಾಕೆ ಹೀಗಿದೆ?' ಅನ್ನೋ ಪ್ರಶ್ನೆ ಎಂಜಿನಿಯರಿಂಗ್ ತಲೆಗಳಿಗೆ ಬರಲೇಬೇಕು. ಉತ್ತರ ಎರಡು ಕಟ್ಟಡಗಳಲ್ಲಿದೆ.

ಒಂದು, ಮೆಂಫಿಸ್ ನಗರದ ಸ್ಟ್ಯಾಕ್ಸ್. ಜಿಮ್ ಸ್ಟೀವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆ್ಯಕ್ಸ್‌ಟನ್ ಒಂದು ಹಳೇ ಸಿನಿಮಾ ಟಾಕೀಸನ್ನು ಸ್ಟುಡಿಯೋ ಮಾಡಿಕೊಂಡರು. ಇಬ್ಬರ ಹೆಸರಿನ ಮೊದಲೆರಡು ಅಕ್ಷರ ಸೇರಿ ಸ್ಟ್ಯಾಕ್ಸ್ ಆಯಿತು. ಸೀಟು ಕಿತ್ತರೂ ಇಳಿಜಾರು ನೆಲ ಹಾಗೇ ಉಳಿಯಿತು. ಆ ದೊಡ್ಡ, ವಾಲಿದ ಕೋಣೆಯ ಗಾಳಿ ಸ್ಟ್ಯಾಕ್ಸ್ ರೆಕಾರ್ಡುಗಳ ತುತ್ತೂರಿಗಳಲ್ಲಿ ಕೇಳಿಸುತ್ತೆ. ಅಲ್ಲಿನ ಖಾಯಂ ವಾದ್ಯತಂಡ ಬುಕರ್ ಟಿ ಆ್ಯಂಡ್ ದಿ ಎಂಜಿಸ್‌ನಲ್ಲಿ ಇಬ್ಬರು ಕಪ್ಪು, ಇಬ್ಬರು ಬಿಳಿ. ವರ್ಣಭೇದ ಮೈಗಂಟಿದ್ದ ಊರಿನಲ್ಲಿ ಅವರು ಒಟ್ಟಿಗೆ ಕೂರಲು ಹೋಗುತ್ತಿದ್ದ ಜಾಗಗಳಲ್ಲಿ ಲೊರೇನ್ ಮೋಟೆಲ್ ಒಂದು. 'ನಾಕ್ ಆನ್ ವುಡ್' ಹಾಡನ್ನು ಎಡ್ಡಿ ಫ್ಲಾಯ್ಡ್ ಮತ್ತು ಸ್ಟೀವ್ ಕ್ರಾಪರ್ ಬರೆದದ್ದು ಅಲ್ಲೇ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಲಿಯಾದದ್ದೂ ಅದೇ ಮೋಟೆಲಿನಲ್ಲಿ. ಈ ಹಾಡುಗಳಿಗೂ ಆ ಚರಿತ್ರೆಗೂ ನಡುವೆ ಎಷ್ಟು ದೂರ ಅಂತ ಯಾರಾದರೂ ಕೇಳಿದರೆ, ಇಷ್ಟೇ ದೂರ.

ಸ್ಟ್ಯಾಕ್ಸ್‌ನಿಂದ ಒಂದೇ ಆಲ್ಬಂ ಕೇಳೋದಾದರೆ 'ಓಟಿಸ್ ಬ್ಲೂ', 1965. ಬಹುತೇಕ ಒಂದೇ ದಿನದ ಒಳಗೆ ರೆಕಾರ್ಡ್ ಆದದ್ದು. ಓಟಿಸ್ 1967ರ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವರ ವಯಸ್ಸು 26. ನಮ್ಮ ಸೀನಿಯರ್‌ಗಳ ವಯಸ್ಸು.

ಇನ್ನೊಂದು ಕಟ್ಟಡ ಡೆಟ್ರಾಯಿಟ್‌ನ ಮೋಟೌನ್. ಬೆರ್ರಿ ಗಾರ್ಡಿ ಮೊದಲು ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ಕೆಲಸ ಮಾಡಿದವರು. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಕಂಪನಿ ಶುರು ಮಾಡಿದರು. ಕಾರ್ಖಾನೆಯ ಐಡಿಯಾ ಜೊತೆಗೇ ಬಂತು: ಬರೆಯೋರು, ನುಡಿಸೋರು, ಹಾಡೋರು, ವೇದಿಕೆಯ ನಡಿಗೆ ಕಲಿಸೋರು ಬೇರೆ ಬೇರೆ. ಕೊನೆಗೆ ಯಾವ ಹಾಡು ಹೊರಗೆ ಹೋಗಬೇಕು ಅಂತ ತೀರ್ಮಾನಿಸೋಕೆ ಕ್ವಾಲಿಟಿ ಕಂಟ್ರೋಲ್ ಮೀಟಿಂಗ್! ಆದರೆ ಆ ಹಾಡುಗಳನ್ನೆಲ್ಲ ನುಡಿಸಿದ ಫಂಕ್ ಬ್ರದರ್ಸ್ ತಂಡದ ಹೆಸರು ವರ್ಷಗಟ್ಟಲೆ ರೆಕಾರ್ಡಿನ ಮೇಲೆ ಬರಲೇ ಇಲ್ಲ. ಬೇಸ್ ಗಿಟಾರನ್ನು ಒಂದೇ ಬೆರಳಲ್ಲಿ ಮೀಟುತ್ತಿದ್ದ ಜೇಮ್ಸ್ ಜೇಮರ್ಸನ್ ಅಂಥವರನ್ನು ಜಗತ್ತು ಕೇಳಿ ಕುಣಿಯಿತು, ಹೆಸರು ಗೊತ್ತಿರಲಿಲ್ಲ. ಪ್ರಾಜೆಕ್ಟಿನ ಕೆಲಸವೆಲ್ಲ ಮಾಡಿ ರಿಪೋರ್ಟಿನ ಮೇಲೆ ಹೆಸರಿಲ್ಲದಿದ್ದರೆ ಹೇಗಿರುತ್ತೆ, ಯೋಚಿಸಿ.

ಆ ಹೆಸರುಗಳು ಕೊನೆಗೂ ಅಚ್ಚಾದದ್ದು ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನಲ್ಲಿ, 1971. ತಮ್ಮ ವಿಯೆಟ್ನಾಂ ಯುದ್ಧದಿಂದ ಮರಳಿದ್ದ. ಅವನು ಹೇಳಿದ ಸಂಗತಿಗಳು, ಬೀದಿಯ ಪೊಲೀಸ್ ಲಾಠಿ, ಹಾಳಾಗುತ್ತಿರುವ ಗಾಳಿ ನೀರು, ಎಲ್ಲ ಅದರಲ್ಲಿವೆ. ಇದು ಓಡಲ್ಲ ಅಂತ ಗಾರ್ಡಿ ಮೊದಲು ಬೇಡ ಅಂದಿದ್ದರು. ಹಾಡು ಓಡಿತು. ಇದರಲ್ಲಿ ಮಾರ್ವಿನ್ ದನಿಗೆ ಮಾರ್ವಿನ್ ದನಿಯೇ ಉತ್ತರ ಕೊಡುತ್ತೆ. ಎಂಜಿನಿಯರ್ ಒಮ್ಮೆ ಅಕಸ್ಮಾತ್ತಾಗಿ ಎರಡು ಟೇಕ್‌ಗಳನ್ನು ಒಟ್ಟಿಗೆ ಓಡಿಸಿದ, ಅದು ಚೆನ್ನಾಗಿದೆ ಅಂತ ಉಳಿಸಿಕೊಂಡರು. ಸುಮಾರು 35 ನಿಮಿಷ, ಒಂದು ಹಾಡು ಇನ್ನೊಂದಕ್ಕೆ ಹರಿಯುತ್ತೆ. ದಯವಿಟ್ಟು ಶಫಲ್ ಒತ್ತಬೇಡಿ.

ಮರಳಿ ಚರ್ಚಿಗೆ

1963ರಲ್ಲಿ ಲೂಸಿಯಾನಾದ ಒಂದು ಮೋಟೆಲ್ ಸ್ಯಾಮ್ ಕುಕ್‌ಗೆ ಕೋಣೆ ಕೊಡಲಿಲ್ಲ, ಕಾರಣ ಮೈಬಣ್ಣ. ಪ್ರತಿಭಟಿಸಿದ್ದಕ್ಕೆ ಬಂಧನವೂ ಆಯಿತು. ಕೆಲವೇ ತಿಂಗಳಲ್ಲಿ ಅವರು 'ಎ ಚೇಂಜ್ ಈಸ್ ಗಾನ ಕಮ್' ರೆಕಾರ್ಡ್ ಮಾಡಿದರು. ಅದು ಸಿಂಗಲ್ ಆಗಿ ಬಂದದ್ದು 1964ರ ಡಿಸೆಂಬರಿನಲ್ಲಿ, ಅವರು ಗುಂಡೇಟಿಗೆ ಸತ್ತ ಕೆಲವು ದಿನಗಳ ಮೇಲೆ. ಇದನ್ನು ಕೇಳಿದ ಮೇಲೆ, 1963ರಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಅವರು ಹಾಡಿದ ಲೈವ್ ಕೇಳಿ. ತೀರಾ ಒರಟು ಅಂತ ಕಂಪನಿ ಮುಚ್ಚಿಟ್ಟಿತ್ತು, 1985ರವರೆಗೆ. ರೇಷ್ಮೆಯಂಥ ದನಿ ಅಂದುಕೊಂಡದ್ದು ಅಲ್ಲಿ ಬೆವರಿ, ಕರ್ಕಶವಾಗಿ, ಜನರ ಜೊತೆ ಬೆರೆತು ಹೋಗುತ್ತೆ. ನಮ್ಮ ಮಟ್ಟಿಗೆ ಅದೇ ನಿಜವಾದ ಸ್ಯಾಮ್ ಕುಕ್.

ಕೊನೆಯದಾಗಿ ಅರೀತಾ ಅವರ 'ಅಮೇಝಿಂಗ್ ಗ್ರೇಸ್'. 1972ರ ಜನವರಿಯಲ್ಲಿ, ದೇಶದ ಅತಿ ದೊಡ್ಡ ಗಾಯಕಿಯಾಗಿದ್ದಾಗ, ಲಾಸ್ ಏಂಜಲೀಸ್‌ನ ಚರ್ಚೊಂದಕ್ಕೆ ಹೋಗಿ ಎರಡು ರಾತ್ರಿ ಗಾಸ್ಪೆಲ್ ಹಾಡಿದರು. ಸಿಡ್ನಿ ಪೊಲಾಕ್ ತಂಡ ಅದನ್ನು ಚಿತ್ರೀಕರಿಸಿತು, ಆದರೆ ಕ್ಲ್ಯಾಪ್‌ಬೋರ್ಡ್ ಹೊಡೆಯಲಿಲ್ಲ. ಚಿತ್ರಕ್ಕೂ ಸದ್ದಿಗೂ ತಾಳೆ ಮಾಡೋಕಾಗದೆ ರೀಲುಗಳು ದಶಕಗಟ್ಟಲೆ ಬಿದ್ದಿದ್ದವು. ಡಿಜಿಟಲ್ ತಂತ್ರಜ್ಞಾನ ಬಂದ ಮೇಲೆ ಜೋಡಿಸಿದರು. ಆಮೇಲೂ ಕೋರ್ಟ್ ತಕರಾರು. ಜನ ನೋಡಿದ್ದು ಅರೀತಾ ತೀರಿಕೊಂಡ 2018ರ ನಂತರವೇ. ಆಲ್ಬಂ ಕೇಳಿ, ಆಮೇಲೆ ಸಿನಿಮಾ ನೋಡಿ. ಆಕೆ ಹೆಚ್ಚು ಮಾತಾಡಲ್ಲ. ಹಾಡ್ತಾರೆ, ಹಿಂದಿನ ಸಾಲಿನ ಕೋರಸ್ ತಂಡದವರೇ ತಡೆಯಲಾರದೆ ಎದ್ದು ನಿಲ್ತಾರೆ.

ಇಲ್ಲಿಂದ ಮುಂದೆ ನಿಮ್ಮ ದಾರಿ ನಿಮ್ಮದು. ಕೂಗೋ ದನಿ ಸಾಕು ಅನ್ನಿಸಿದರೆ ಪಿಸುಮಾತಿನ ಅಲ್ ಗ್ರೀನ್ ಇದ್ದಾರೆ. ಒಬ್ಬನೇ ಇಡೀ ವಾದ್ಯಗೋಷ್ಠಿ ಆಗೋದು ಹೇಗೆ ಅಂತ ನೋಡಬೇಕಿದ್ದರೆ ಸ್ಟೀವಿ ವಂಡರ್ ಅವರ 'ಇನ್ನರ್‌ವಿಷನ್ಸ್' ಇದೆ. ಇದೆಲ್ಲ ಹಳೇ ಕಥೆ ಅನ್ನುವವರು ಶ್ಯಾರನ್ ಜೋನ್ಸ್ ಮತ್ತು ಚಾರ್ಲ್ಸ್ ಬ್ರ್ಯಾಡ್ಲಿ ಕೇಳಿ. ಜೈಲು ಕಾವಲುಗಾರ್ತಿಯಾಗಿ ದುಡಿದಿದ್ದ ಶ್ಯಾರನ್ ಅವರ ಮೊದಲ ಆಲ್ಬಂ ಬಂದದ್ದು ನಲವತ್ತು ದಾಟಿದ ಮೇಲೆ. ಬ್ರ್ಯಾಡ್ಲಿ ಅವರದ್ದು 62ರಲ್ಲಿ, 2011ನೇ ಇಸವಿ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ತಡವಾಯ್ತು ಅಂತ ಕೊರಗೋರು ಇವರನ್ನು ಮೊದಲೇ ಕೇಳಬಹುದು.

'ಅವರ ಇಂಗ್ಲಿಷ್ ಅರ್ಥವಾಗಲ್ಲ' ಅನ್ನೋರಿಗೆ ಒಂದು ಮಾತು. ಮೊದಲ ಸಲ ಅರ್ಥವಾಗದೇ ಇದ್ದರೂ ಪರವಾಗಿಲ್ಲ. ದನಿ ಎಲ್ಲಿ ಒಡೆಯಿತು, ಹಿಂದಿನವರು ಯಾವಾಗ ಉತ್ತರ ಕೊಟ್ಟರು, ಅಷ್ಟು ಗಮನಿಸಿ. ಎರಡನೇ ಸಲ ಸಾಹಿತ್ಯ ಓದಿಕೊಂಡು ಕೇಳಿ. 'ಕನ್ನಡ ಸಂಘದ ಪತ್ರಿಕೆಯಲ್ಲಿ ಇದ್ಯಾಕೆ' ಅನ್ನೋರಿಗೆ ಇನ್ನೊಂದು ಮಾತು. ಕನ್ನಡದಲ್ಲಿ ಕನ್ನಡದ ವಿಷಯ ಮಾತ್ರ ಮಾತಾಡಬೇಕು ಅಂದರೆ ನಮ್ಮ ಭಾಷೆಗೆ ನಾವೇ ಬೇಲಿ ಹಾಕಿದ ಹಾಗೆ. ಕೇಳಿ ಮೆಚ್ಚಿದ್ದನ್ನು ನಮ್ಮ ನುಡಿಯಲ್ಲಿ ಇನ್ನೊಬ್ಬರಿಗೆ ಹೇಳೋಕೆ ಬಂದಾಗಲೇ ಅದು ಪೂರ್ತಿ ನಮ್ಮದಾಗೋದು.

ಕೇಳುವ ಕ್ರಮ ಮತ್ತೊಮ್ಮೆ: ಬಿಲ್ ವಿದರ್ಸ್, ಎರಡು 'ರೆಸ್ಪೆಕ್ಟ್', 'ಓಟಿಸ್ ಬ್ಲೂ', 'ವಾಟ್ಸ್ ಗೋಯಿಂಗ್ ಆನ್', ಸ್ಯಾಮ್ ಕುಕ್, 'ಅಮೇಝಿಂಗ್ ಗ್ರೇಸ್'. ವಾರಕ್ಕೆ ಒಂದು ಸಾಕು. ಲ್ಯಾಪ್‌ಟಾಪ್ ಮುಚ್ಚಿ, ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಳ್ಳಿ. ಇಷ್ಟವಾದರೆ ಪಕ್ಕದ ರೂಮಿನವರಿಗೂ ಹೇಳಿ. ಇಷ್ಟವಾಗದಿದ್ದರೆ ನಮಗೆ ಬರೆಯಿರಿ, ಜಗಳಕ್ಕೆ ನಾವು ರೆಡಿ.